ದೀಪ ಉರಿಯುತ್ತಿತ್ತು, ಕರೆ ಮುಟ್ಟಲಿಲ್ಲ

ಬೀದಿಯ ಕೊನೆಯ ಟೈಲರ್ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದ ಮೇಲೆ ಆ ಸುತ್ತಿನಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಅಲ್ಲಿ ಹೆಚ್ಚು. ಮಧ್ಯಾಹ್ನದ ಹೊತ್ತು ಯಾರಾದರೂ ಕೂಗಿಕೊಂಡರೂ ಓ ಎನ್ನುವವರಿಲ್ಲ.

ಅಂಥದ್ದೇ ಒಂದು ಮನೆ ಬಡಗಿಯದು. ಅವನ ಅಂಗಡಿ ಮುಖ್ಯರಸ್ತೆಯಲ್ಲಿತ್ತು. ಹೆಂಡತಿ ಬಸ್ ಕಂಡಕ್ಟರ್. ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆಗೆ. ಹಗಲಿಡೀ ಮನೆಯಲ್ಲಿ ಉಳಿಯುವವರು ಬಡಗಿಯ ತಾಯಿ ಒಬ್ಬರೇ. ಸೊಂಟದ ಮೂಳೆ ಮುರಿದು ಕೂಡಿಕೊಂಡಿತ್ತು. ವಾಕರ್ ಹಿಡಿದು ಮಂಚದಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ನಿಧಾನವಾಗಿ ಓಡಾಡುತ್ತಿದ್ದರು. ಟಿಕೆಟ್ ಹರಿದು ಕೊಡುವಾಗಲೂ ಸೊಸೆಯ ಜೀವವೆಲ್ಲ ಮನೆಯ ಹಿಂಬಾಗಿಲ ಚಿಲಕದ ಮೇಲೇ ಇರುತ್ತಿತ್ತು.

ಕಡೆಗೆ ಅವಳೇ ಹಟ ಹಿಡಿದು ಮನೆಗೆ ಅಲಾರಂ ತರಿಸಿದಳು. ಒಳಕೋಣೆಯಲ್ಲಿ ಒಂದು ಮುಖ್ಯ ಪೆಟ್ಟಿಗೆ, ಹೊರಗೋಡೆಗೆ ಸೈರನ್, ಅಡುಗೆಮನೆ ಬಾಗಿಲ ಪಕ್ಕ ಅಮ್ಮನ ಕೈಗೆ ಎಟುಕುವಂತೆ ಒಂದು ಕೀಪ್ಯಾಡ್. ಅದರಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿ ಹಿಡಿದರೆ ಸೈರನ್ ಕೂಗಬೇಕು, ಮಗನ ಫೋನಿಗೂ ಕರೆ ಹೋಗಬೇಕು. ಜೋಡಿಸಲು ಅಲಾರಂ ಮಾರಿದ ಅಂಗಡಿಯವರೇ ಜನ ಕಳಿಸುತ್ತೇವೆ ಎಂದಿದ್ದರು. ಬಡಗಿ ಬೇಡವೆಂದ. ಮನೆಯ ಬಾಗಿಲು, ಕಿಟಕಿ, ಕಪಾಟು ಎಲ್ಲ ಅವನ ಕೈಯಲ್ಲೇ ಆದದ್ದು. ಒಂದು ವೈರ್ ಎಳೆಯಲು ಹೊರಗಿನವರು ಬೇಕೇ ಎಂಬುದು ಅವನ ಮಾತು.

ಕೆಲಸವೇನೋ ಅಚ್ಚುಕಟ್ಟಾಗಿಯೇ ಆಯಿತು. ಕೀಪ್ಯಾಡಿನಿಂದ ಪೆಟ್ಟಿಗೆಯವರೆಗಿನ ವೈರನ್ನು ಗೋಡೆಯಂಚಿನ ಮರದ ಪಟ್ಟಿಯ ಹಿಂದೆ ಮರೆಮಾಡಿ, ಪಟ್ಟಿಗೆ ಮೊಳೆ ಹೊಡೆದು, ಮೇಲೆ ಪಾಲಿಶ್ ಕೊಟ್ಟ. ವೈರ್ ಎಲ್ಲಿ ಹೋಗಿದೆ ಎಂದು ಹುಡುಕಿದರೂ ಕಾಣುತ್ತಿರಲಿಲ್ಲ. ಸ್ವಿಚ್ ಹಾಕಿದೊಡನೆ ಕೀಪ್ಯಾಡಿನ ಹಸಿರು ದೀಪ ಹತ್ತಿಕೊಂಡಿತು. ಅದರ ಪಕ್ಕದಲ್ಲಿ ಒಂದು ಸಣ್ಣ ಹಳದಿ ದೀಪ ಮಾತ್ರ ಮಿನುಗುತ್ತಿತ್ತು, ಆಗಾಗ ಕೀಂ ಕೀಂ ಎಂಬ ಸದ್ದೂ ಬರುತ್ತಿತ್ತು. ಹೊಸ ಮಾಲು, ಹೊಂದಿಕೊಳ್ಳುತ್ತದೆ ಬಿಡು ಎಂದ ಬಡಗಿ. ಮರುದಿನವೂ ಸದ್ದು ನಿಲ್ಲದಿದ್ದಾಗ, ಅಮ್ಮನ ನಿದ್ದೆ ಕೆಡುತ್ತದೆಂದು ಸದ್ದು ಬರುವ ತೂತಿಗೆ ಟೇಪು ಅಂಟಿಸಿದ.

ಹೆಂಡತಿಯ ತಂಗಿ ಲಿಫ್ಟ್ ರಿಪೇರಿ ಕೆಲಸದವಳು. ಮನೆಯವರೆಲ್ಲ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಫೋನಿನಲ್ಲಿ ಸುದ್ದಿ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದ್ದಳು.

“ಭಾವ, ಒಂದ್ಸಲ ಆ ಕೆಂಪು ಗುಂಡಿ ಒತ್ತಿ ನೋಡಿದ್ರಾ?”

“ದೀಪ ಉರೀತಾ ಇದೆಯಲ್ಲ, ಇನ್ನೇನು ಒತ್ತಿ ನೋಡೋದು? ಸೈರನ್ ಕೂಗಿದ್ರೆ ಬೀದಿಯವರೆಲ್ಲ ಓಡಿ ಬರ್ತಾರೆ. ಸುಮ್ಮನೆ ನಗೆಪಾಟಲು.”

ಹಳದಿ ದೀಪದ ವಿಷಯ ಅವನು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಅನಿಸಿಯೂ ಇರಲಿಲ್ಲ.

ಅದಾಗಿ ಕೆಲವೇ ದಿನ ಕಳೆದಿದ್ದವು. ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಹಿಂಬಾಗಿಲು ಯಾರೋ ತಟ್ಟಿದರು. ನಲ್ಲಿ ಮೀಟರ್ ನೋಡಬೇಕು, ಬಾಗಿಲು ತೆಗೆಯಿರಿ ಎಂದಿತು ಒಂದು ಗಂಡುದನಿ. ಮಗ ಬಂದಾಗ ಬನ್ನಿ ಎಂದರು ಅಮ್ಮ. ಹೊರಗೆ ಒಂದು ಗಳಿಗೆ ಏನೂ ಸದ್ದಿಲ್ಲ. ಆಮೇಲೆ ಚಿಲಕದ ಸಂದಿಗೆ ಏನೋ ತೂರಿಸಿ ಮೀಟುವ ಕರಕರ ಶುರುವಾಯಿತು.

 ಮಗ ಹೇಳಿಕೊಟ್ಟದ್ದನ್ನು ಅಮ್ಮ ಮರೆತಿರಲಿಲ್ಲ. ಗೋಡೆಗೆ ಒರಗಿ ಕೆಂಪು ಗುಂಡಿಯನ್ನು ಬೆರಳು ನೋಯುವಷ್ಟು ಒತ್ತಿ ಹಿಡಿದರು. ಬಿಟ್ಟು, ಮತ್ತೆ ಒತ್ತಿದರು. ಹಸಿರು ದೀಪ ತಣ್ಣಗೆ ಉರಿಯುತ್ತಲೇ ಇತ್ತು. ಸೈರನ್ ಕೂಗಲಿಲ್ಲ. ಅಲ್ಲಿ ಅಂಗಡಿಯಲ್ಲಿ ಮಗ ಮೇಜಿನ ಕಾಲನ್ನು ಕೀಸುಳಿಯಿಂದ ನಯಗೊಳಿಸುತ್ತಿದ್ದ. ಅವನ ಫೋನು ಕಿಸೆಯಲ್ಲಿ ಸುಮ್ಮನಿತ್ತು.

ಚಿಲಕ ಕಳಚಿ ಬೀಳುವ ಹೊತ್ತಿಗೆ ಅಮ್ಮ ಬಚ್ಚಲು ಸೇರಿ ಅಗುಳಿ ಹಾಕಿಕೊಂಡಿದ್ದರು. ವಾಕರ್ ಹೊರಗೇ ಉಳಿದಿತ್ತು. ನಿಲ್ಲಲಾಗದೆ ಒದ್ದೆ ನೆಲದ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡರು. ಕಪಾಟಿನ ಬಾಗಿಲು ತೆರೆಯುವ ಸದ್ದು, ಡ್ರಾಯರ್ ಕಿತ್ತು ಹಾಕುವ ಸದ್ದು, ಪಾತ್ರೆ ಉರುಳುವ ಸದ್ದು, ಎಲ್ಲ ಕೇಳಿಸುತ್ತಿತ್ತು. ಹೆಜ್ಜೆಗಳು ಬಚ್ಚಲ ಮುಂದೆ ಬಂದು ಒಂದು ಸಲ ನಿಂತವು. ಅಗುಳಿ ಅಲುಗಾಡಿತು. ಅಷ್ಟರಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಯಾವುದೋ ಲಾರಿ ಬಂದು ನಿಂತು ಹಾರನ್ ಹಾಕಿತು. ಹೆಜ್ಜೆಗಳು ಅವಸರದಲ್ಲಿ ದೂರವಾದವು.

ಅವನು ಹೋದನೋ ಇಲ್ಲೇ ಅಡಗಿದ್ದಾನೋ ಗೊತ್ತಾಗದೆ ಅಮ್ಮ ಅಲ್ಲೇ ಕೂತರು. ಸಂಜೆ ಸೊಸೆ ಬಂದು, ಚೆಲ್ಲಾಡಿದ ಮನೆ ಕಂಡು, “ಅತ್ತೆ, ಅತ್ತೆ” ಎಂದು ಕೂಗುತ್ತ ಒಳಗೆಲ್ಲ ಹುಡುಕಿ ಬಚ್ಚಲ ಬಾಗಿಲು ಬಡಿದ ಮೇಲೆಯೇ ಅವರು ಕೈಚಾಚಿ ಅಗುಳಿ ಸರಿಸಿದರು.

ಮಂಚದ ಮೇಲೆ ಬಿಟ್ಟಿದ್ದ ಅಮ್ಮನ ಫೋನು, ಗಡಿಯಾರ, ಒಂದಿಷ್ಟು ಬೆಳ್ಳಿ ಸಾಮಾನು ಹೋಗಿದ್ದವು. ಪೊಲೀಸರು ಬಂದು ದೂರು ಬರೆದುಕೊಂಡು ಹೋದರು. ಮನೆಯವರನ್ನು ಕೊರೆದದ್ದು ಕಳೆದುಹೋದ ಸಾಮಾನಲ್ಲ. ಅಮ್ಮ ಮಗನ ಮುಖ ನೋಡಿ ಹೇಳಿದ್ದು ಇಷ್ಟೇ: “ನಾನು ಒತ್ತಿದೆ ಕಣಪ್ಪ. ನೀನು ಬರ್ತೀಯ ಅಂತ ಕಾಯ್ತಾ ಇದ್ದೆ.”

ಗಾಬರಿಯಲ್ಲಿ ಬೇರೆ ಗುಂಡಿ ಒತ್ತಿರಬೇಕು ಎಂದ ಬಡಗಿ. ಹೇಳಿದ ಮೇಲೆ ಅವನಿಗೇ ಆ ಮಾತು ಸರಿಯೆನಿಸಲಿಲ್ಲ.  ಅಮ್ಮ ಅವತ್ತಿನಿಂದ ಅಡುಗೆಮನೆಯ ಕಡೆ ಹೋಗುವುದನ್ನೇ ಬಿಟ್ಟರು. ಗಾಳಿಗೆ ಕಿಟಕಿ ಬಡಿದರೆ ಬೆಚ್ಚಿ ಬೀಳುವರು. ಹೆಂಡತಿ ರಜೆ ಹಾಕಿ ಮನೆಯಲ್ಲಿ ಕೂತಳು. ಆದರೆ ಎಷ್ಟು ದಿನ ಹಾಗೆ ಕೂರಲಾದೀತು? ರಜೆ ಮುಗಿಯುವ ದಿನ ಹತ್ತಿರವಾದಂತೆ ಅವಳಿಗೂ ಊಟ ಸೇರದಾಯಿತು.

ಭಾನುವಾರ ಬೆಳಿಗ್ಗೆ ಗುಬ್ಬಿ ಬಂದಳು. ಮೊದಲು ಅಮ್ಮನ ಪಕ್ಕ ಕೂತು ಆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ಕೀಪ್ಯಾಡಿನ ಟೇಪು ಕಿತ್ತಳು. ಕೀಂ ಕೀಂ ಎಂದಿತು. ಹಳದಿ ದೀಪ ಇನ್ನೂ ಮಿನುಗುತ್ತಿತ್ತು.

“ಅಮ್ಮ ಒತ್ತಿದ್ದು ಸರಿಯಾಗೇ ಇದೆ ಭಾವ. ಇದು ಮೊದಲ ದಿನದಿಂದಲೇ ಹೇಳ್ತಾ ಇದೆ, ನನ್ನ ಮಾತು ಪೆಟ್ಟಿಗೆಗೆ ಮುಟ್ತಾ ಇಲ್ಲ ಅಂತ.”

“ಮುಟ್ಟದೆ ದೀಪ ಹೇಗೆ ಉರೀತದೆ?” ಬಡಗಿಯ ದನಿಯಲ್ಲಿ ಇನ್ನೂ ಬಿಗಿಯಿತ್ತು.

ಈ ವೈರಿನ ಹೊಟ್ಟೆಯಲ್ಲಿ ನಾಲ್ಕು ಎಳೆ ಇವೆ ಎಂದು ಗುಬ್ಬಿ ವಿವರಿಸಿದಳು. ಕೆಂಪು, ಕಪ್ಪು ಎಳೆಗಳು ಕೀಪ್ಯಾಡಿಗೆ ಕರೆಂಟು ತರುತ್ತವೆ. ಹಸಿರು, ಹಳದಿ ಎಳೆಗಳು ಒತ್ತಿದ ಗುಂಡಿಯ ಸುದ್ದಿಯನ್ನು ಪೆಟ್ಟಿಗೆಗೆ ಒಯ್ಯುತ್ತವೆ. ಮೊದಲಿನ ಎರಡು ಸರಿ ಇದ್ದರೆ ಸಾಕು, ದೀಪ ಉರಿಯುತ್ತದೆ. ಉಳಿದ ಎರಡರಲ್ಲಿ ಒಂದು ಕೆಟ್ಟರೂ ಗುಂಡಿ ಒತ್ತಿದ್ದು ವ್ಯರ್ಥ.

ಬಡಗಿ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚಲು ಹೋದ. ಗುಬ್ಬಿ ತಡೆದಳು. ಗೋಡೆಯ ಸ್ವಿಚ್ ಆರಿಸಿದರೂ ಪೆಟ್ಟಿಗೆಯೊಳಗೆ ಬ್ಯಾಟರಿ ಇರುತ್ತದೆ, ಅದನ್ನು ಬಿಡಿಸದೆ ಕೈಯಾಡಿಸಿದರೆ ಒಳಗಿನ ಸರ್ಕ್ಯೂಟ್ ಬೋರ್ಡು ಸುಟ್ಟುಹೋಗಬಹುದು ಎಂದಳು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ವೈರ್ ಬಿಡಿಸಿದರು. ಎಳೆಗಳನ್ನು ಬಿಚ್ಚುವ ಮೊದಲು ಯಾವ ಬಣ್ಣ ಎಲ್ಲಿದೆಯೆಂದು ಅಕ್ಕನ ಫೋನಿನಲ್ಲಿ ಫೋಟೊ ತೆಗೆಸಿದಳು.

ಎರಡೂ ತುದಿಗಳಲ್ಲಿ ಬಣ್ಣಗಳು ಒಂದಕ್ಕೊಂದು ಸರಿಯಾಗಿಯೇ ಕೂತಿದ್ದವು. ಹಳದಿ ಎಳೆಯ ಸ್ಕ್ರೂ ಮಾತ್ರ ಸಡಿಲವಾಗಿತ್ತು. ಸಿಕ್ಕಿತು ಎಂದ ಬಡಗಿ, ಅವನ ಮುಖ ಅರಳಿತು. ಬಿಗಿ ಮಾಡಿ, ಕರೆಂಟು ಕೊಟ್ಟು ನೋಡಿದರು. ಹಳದಿ ದೀಪ ಮಿನುಗುತ್ತಲೇ ಇತ್ತು. ಮಂಚದ ಮೇಲಿಂದ ನೋಡುತ್ತಿದ್ದ ಅಮ್ಮ ಮುಖ ಆಚೆ ತಿರುಗಿಸಿದರು. ಇದೆಲ್ಲ ಬರೀ ತೋರಿಕೆ ಅಷ್ಟೇ, ಇದನ್ನು ಕಿತ್ತು ಬಿಸಾಕಿ ಎಂದು ಮೆಲ್ಲಗೆ ಗೊಣಗಿದರು. 

ಮತ್ತೆ ಪ್ಲಗ್ಗು, ಬ್ಯಾಟರಿ ಬಿಡಿಸಿ ಗುಬ್ಬಿ ಕೀಪ್ಯಾಡನ್ನೇ ಗೋಡೆಯಿಂದ ಕಳಚಿ ಒಳಕೋಣೆಗೆ ತಂದಳು. ತನ್ನ ಚೀಲದಲ್ಲಿದ್ದ ಒಂದು ಮೊಳದಷ್ಟು ಹೊಸ ವೈರಿನಿಂದ ಅದನ್ನು ನೇರವಾಗಿ ಪೆಟ್ಟಿಗೆಗೆ ಸೇರಿಸಿ ಕರೆಂಟು ಕೊಟ್ಟಳು. ಸ್ವಲ್ಪ ಹೊತ್ತು ಮಿನುಗಿದ ಹಳದಿ ದೀಪ ಆರಿತು. ಸದ್ದೂ ನಿಂತಿತು.

 ಅಂದರೆ ಕೀಪ್ಯಾಡೂ ಚೆನ್ನಾಗಿದೆ, ಪೆಟ್ಟಿಗೆಯೂ ಚೆನ್ನಾಗಿದೆ. ಕೆಟ್ಟಿರುವುದು ನಡುವಿನ ವೈರ್ ಎಂದಳು ಗುಬ್ಬಿ. ಹಳೆಯ ವೈರಿನ ಎರಡೂ ತುದಿ ಬಿಡಿಸಿ, ಒಂದೊಂದೇ ಎಳೆಯನ್ನು, ತುಂಡಾಗಿಲ್ಲದಿದ್ದರೆ ಕೂಗುವ ತನ್ನ ಮೀಟರಿಗೆ ಕೊಟ್ಟಳು. ಕೆಂಪಿಗೆ ಮೀಟರ್ ಕೂಗಿತು, ಕಪ್ಪಿಗೆ ಕೂಗಿತು, ಹಳದಿಗೂ ಕೂಗಿತು. ಹಸಿರಿಗೆ ಕೂಗಲಿಲ್ಲ.

“ಎಲ್ಲೋ ತುಂಡಾಗಿದೆ. ಎಲ್ಲಿ ಅಂತ ನಂಗೊತ್ತಾಗಲ್ಲ ಭಾವ, ಎಲ್ಲ ಪಟ್ಟಿ ಹಿಂದೆ ಇದೆ.”

ಎಲ್ಲಿ ಎಂದು ಬಡಗಿಗೆ ಗೊತ್ತಾಗಿತ್ತು. ಅವನು ಉಳಿ ತಂದು ಬಾಗಿಲ ಮೂಲೆಗೆ ಹೋಗಿ ಕೂತ. ಅಲ್ಲಿ ಪಟ್ಟಿ ಸ್ವಲ್ಪ ಎದ್ದು ನಿಂತಿತ್ತೆಂದು ಒಂದು ಉದ್ದನೆಯ ಮೊಳೆ ಹೆಚ್ಚಿಗೆ ಹೊಡೆದಿದ್ದ. ಹೊಡೆಯುವಾಗ ಮೊಳೆಗೆ ಏನೋ ಮೆತ್ತಗೆ ತಗುಲಿದ್ದೂ ಈಗ ನೆನಪಾಯಿತು. ಪಟ್ಟಿಯನ್ನು ಎಬ್ಬಿಸಿದ. ಮೊಳೆ ವೈರಿನ ಮೈಯೊಳಗೆ ಇಳಿದು ಹಸಿರು ಎಳೆಯನ್ನು ಕತ್ತರಿಸಿತ್ತು. ಉಳಿದ ಮೂರು ಎಳೆಗಳಿಗೆ ಅದು ತಾಗಿರಲೇ ಇಲ್ಲ.

ಬಡಗಿ ಪಟ್ಟಿಯನ್ನು ಕೆಳಗಿಟ್ಟ. ಆಮೇಲೆ ಎದ್ದು ಹೋಗಿ ಅಮ್ಮನ ಕಾಲ ಹತ್ತಿರ ಕುಳಿತ.

“ನೀನು ಒತ್ತಿದ್ದು ಸರಿ ಅಮ್ಮ. ನನ್ನ ಮೊಳೆ ಅಡ್ಡ ಬಂತು. ಟೇಪು ಹಚ್ಚೋ ಬದಲು ಒಂದ್ಸಲ ಒತ್ತಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು.”

ಅಮ್ಮ ಅವನ ತಲೆಯ ಮೇಲಿದ್ದ ಮರದ ಪುಡಿ ಒರೆಸಿದರು. ಸರಿ, ಈಗ ನೆಟ್ಟಗೆ ಮಾಡು ಎಂದರು.

ತುಂಡಾದಲ್ಲಿ ತಿರುಚಿ ಗಂಟು ಹಾಕಿದರೆ ಸಾಲದೇ ಎಂದು ಹೆಂಡತಿ ಕೇಳಿದ್ದಕ್ಕೆ ಗುಬ್ಬಿ ಒಪ್ಪಲಿಲ್ಲ. ಬಚ್ಚಲ ಪಕ್ಕದ ಗೋಡೆ. ತೇವ ತಗುಲಿದರೆ ಗಂಟು ಮತ್ತೆ ಕೈಕೊಡುತ್ತದೆ. ಕೀಪ್ಯಾಡನ್ನು ಮೊದಲಿನ ಜಾಗಕ್ಕೇ ಕೂಡಿಸಿ, ಗಂಟಿಲ್ಲದ ಹೊಸ ವೈರ್ ಎಳೆದರು. ಮನೆಯ ಕರೆಂಟಿನ ವೈರಿಗೆ ಅಂಟದಂತೆ, ಮೊಳೆ ಬೀಳದ ಎತ್ತರದಲ್ಲಿ, ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಯಿಸಿದರು. ನೋಡಲು ಅಷ್ಟು ಚೆಂದವಿರಲಿಲ್ಲ. ಬಡಗಿ ಅದಕ್ಕೆ ತಕರಾರು ಮಾಡಲಿಲ್ಲ. ಮುರಿದ ಚಿಲಕದ ಜಾಗಕ್ಕೆ ದಪ್ಪನೆಯ ಅಡ್ಡಪಟ್ಟಿಯನ್ನೂ ಅವನೇ ಕೂಡಿಸಿದ.

ಇವತ್ತು ಸೈರನ್ ಕೂಗಿದರೆ ಹೆದರಬೇಡಿ, ಪರೀಕ್ಷೆ ಮಾಡುತ್ತಿದ್ದೇವೆ ಎಂದು ಅಕ್ಕತಂಗಿಯರು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದರು. ಬಡಗಿ ಅಂಗಡಿಗೆ ಹೋಗಿ ಫೋನು ಅಂಗೈಯಲ್ಲಿ ಹಿಡಿದು ಕಾದ. ಇಲ್ಲಿ ಅಮ್ಮ ವಾಕರ್ ಹಿಡಿದು ಎದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ನಿಂತಿತು. ಸೊಸೆ ಹಿಂದೆಯೇ ಇದ್ದಳು, ಆದರೆ ಕೈ ಹಿಡಿಯಲಿಲ್ಲ. ಅಮ್ಮ ಹೊಸ್ತಿಲು ದಾಟಿ, ಕೆಂಪು ಗುಂಡಿಯನ್ನು ಒತ್ತಿ ಹಿಡಿದರು.

ಸೈರನ್ ಬೀದಿಗೆಲ್ಲ ಕೇಳುವಂತೆ ಕೂಗಿತು. ಅದರ ಬೆನ್ನಿಗೇ ಬಡಗಿಯ ಅಂಗೈಯಲ್ಲಿ ಫೋನು ಅದುರಿತು. ಪರೀಕ್ಷೆಯೆಂದು ಗೊತ್ತಿದ್ದರೂ ಅವನು ಅಂಗಡಿಯ ಬಾಗಿಲನ್ನೂ ಎಳೆಯದೆ ಮನೆಯತ್ತ ಓಡಿದ.

ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಅಲಾರಂ ಇದ್ದರೆ ದೀಪ ಉರಿಯುತ್ತಿದೆಯೆಂದು ನಂಬಿ ಕೂರಬೇಡಿ. ಅಕ್ಕಪಕ್ಕದವರಿಗೆ ತಿಳಿಸಿ, ಇವತ್ತೇ ಗುಂಡಿ ಒತ್ತಿ ನೋಡಿ. ಸೈರನ್ ಕೂಗಿತೇ, ಫೋನು ಬಂತೇ? ಗೋಡೆಗೆ ಮೊಳೆ ಹೊಡೆದಾಗ, ಬಣ್ಣ ಬಳಿಸಿದಾಗ, ಏನೇ ರಿಪೇರಿ ಮಾಡಿಸಿದಾಗ ಮತ್ತೆ ಒತ್ತಿ ನೋಡಿ. ಎಚ್ಚರಿಕೆಯ ದೀಪ ಮಿನುಗಿದರೆ, ಸದ್ದು ಬಂದರೆ ಅದರ ಬಾಯಿ ಮುಚ್ಚಬೇಡಿ. ಅದೇನು ಹೇಳುತ್ತಿದೆಯೆಂದು ಹುಡುಕಿ. ಪ್ಲಗ್ಗನ್ನೂ ಬ್ಯಾಟರಿಯನ್ನೂ ಬಿಡಿಸದೆ ವೈರ್ ಮುಟ್ಟಬೇಡಿ. ಗೊತ್ತಾಗದಿದ್ದರೆ, ಸುಟ್ಟ ವಾಸನೆ ಬಂದರೆ, ಕೆಲಸ ತಿಳಿದವರನ್ನು ಕರೆಸಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ನಿಮ್ಮ ಮನೆಯಲ್ಲಿ ಹಗಲು ಒಬ್ಬರೇ ಇರುವವರು ಯಾರು? ಮೊದಲು ಅವರ ಕೈಯಲ್ಲೇ ಒತ್ತಿಸಿ. ಅವರು ಕರೆದರೆ ನಿಮಗೆ ಕೇಳುತ್ತದೆ ಎಂಬುದು ನಿಮಗೂ ಗೊತ್ತಿರಲಿ, ಅವರಿಗೂ ಗೊತ್ತಿರಲಿ.