ಐದು ಉಂಡೆ ಗಾರೆ

ಕೆಲಸದ ಜಾಗದಲ್ಲಿ ಅವನಿಗೆ ಮೆಣಸಿನಕಾಯಿ ಎಂದೇ ಹೆಸರು. ಆಳು ಸಣ್ಣ, ಕೋಪ ಮೂಗಿನ ತುದಿಯಲ್ಲಿ. ಆದರೆ ಅವನು ಕೂರಿಸಿದ ಟೈಲ್ಸಿನ ಮೇಲೆ ಗೋಲಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ ಎಂಬ ಮಾತಿತ್ತು. ಆ ಮಾತು ಒಂದು ಶನಿವಾರ ಮಣ್ಣುಪಾಲಾಯಿತು. ಇಂಜಿನಿಯರಮ್ಮ ಗೋಡೆಯಿಂದ ಗೋಡೆಗೆ ದಾರ ಎಳೆದಳು. ಹದಿನಾಲ್ಕು ಟೈಲ್ಸು ದಾರ ಬಿಟ್ಟು ಹಾವಿನ ಹಾಗೆ ಹೊರಳಿದ್ದವು. ಆಕೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಸೋಮವಾರ ಮೂರನೇ ಮಹಡಿಯ ದೊಡ್ಡ ಹಾಲ್ ಶುರುಮಾಡಬೇಕು, ಅದೂ ಹೀಗೇ ಆದರೆ ಕರಣೆ ತೊಳೆದುಕೊಂಡು ಹೊರಡು ಎಂದಳು, ಅಷ್ಟೇ.

ಆರು ತಿಂಗಳಿಂದ ಅವನು ನೆಟ್ಟಗೆ ಮಲಗಿರಲಿಲ್ಲ. ಅಮ್ಮನೂ ಅವನೂ ಈ ಕೆಳಗಿನ ಮನೆಗೆ ಬಾಡಿಗೆಗೆ ಬಂದ ದಿನದಿಂದ ಮೇಲಿನ ಮನೆಯ ಟೈಲರಕ್ಕ ಅವನ ತಲೆಯ ಮೇಲೆ ಮೆಣಸು ಅರೆಯುತ್ತಿದ್ದಳು. ಶಾಲೆಗಳ ಯೂನಿಫಾರಂ ಹೊಲಿಯುವ ಗುತ್ತಿಗೆ ಅವಳದು. ಬೆಳಿಗ್ಗೆ ಐದಕ್ಕೆ ಎದ್ದ ಮಿಷನ್ನು ಮಲಗುವುದು ರಾತ್ರಿ ಹತ್ತಕ್ಕೆ. ಗಡಗಡ, ಗಡಗಡ, ಆಮೇಲೆ ಒಂದು ನಿಲುಗಡೆ. ಆ ನಿಲುಗಡೆಯೇ ಅವನ ಜೀವ ಹಿಂಡುತ್ತಿದ್ದದ್ದು. ಈಗ ಬಂತು, ಈಗ ಬಂತು ಎಂದು ಹಲ್ಲು ಕಚ್ಚಿ ಕಾದು ಕಾದು ದವಡೆ ನೋಯುತ್ತಿತ್ತು. ಬರಬರುತ್ತ ಮಿಷನ್ನಿಲ್ಲದ ಕಡೆಯೂ ಅದು ಕೇಳತೊಡಗಿತು: ಬಸ್ಸಿನಲ್ಲಿ, ಕೆಲಸದಲ್ಲಿ, ನಲ್ಲಿಯ ಕೆಳಗೆ ತಲೆ ಒಡ್ಡಿದಾಗ. ಒಂದು ದಿನ ಅಮ್ಮ ಲೋಟ ಕೆಳಗಿಟ್ಟ ಸದ್ದಿಗೆ ಉಣ್ಣುತ್ತಿದ್ದ ತಟ್ಟೆಯನ್ನೇ ಎಸೆದ. ಅಮ್ಮ ನೆಲ ಒರೆಸಿದಳು. ಅಂದಿನಿಂದ ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹೋದ ಕೂಸನ್ನು ಇಳಿಸುವ ಹಾಗೆ ಕೆಳಗಿಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಯಾರಿಗೆ ಹೇಳಿಕೊಂಡರೂ ಒಂದೇ ಮಂತ್ರ: ಹೊಂದಿಕೊಂಡು ಹೋಗಪ್ಪ. ಹಾಗೆ ಹೇಳುವವರೆಲ್ಲ ಮೇಲಿನ ಮಹಡಿಯವರು. ತಲೆನೋವಿನ ಮಾತ್ರೆಗೆಂದು ಹೋದಾಗ ಡಾಕ್ಟರಮ್ಮ ಒಬ್ಬಳೇ ನಿದ್ದೆಯ ವಿಷಯ ಕೆದಕಿದ್ದು. ಇದು ಹುಚ್ಚಲ್ಲ, ನಾಚಿಕೆಪಡುವಂಥದ್ದೂ ಅಲ್ಲ, ನಿನ್ನ ತಲೆ ಹಗಲೂ ರಾತ್ರಿ ಕಾವಲು ಕೂತು ಬಳಲಿದೆ ಎಂದು ಹತ್ತು ದಿನಕ್ಕೆ ಮಾತ್ರೆ ಬರೆದಳು. ಬರೀ ತಲೆ ರಿಪೇರಿಯಾದರೆ ಸಾಲದು, ಆ ಸದ್ದಿಗೂ ಏನಾದರೂ ಮಾಡು ಎಂದಳು. ಅವನಿಗೆ ಗೊತ್ತಿದ್ದದ್ದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುವುದು. ಅದನ್ನು ಬೇಕಾದಷ್ಟು ಮಾಡಿದ್ದ. ಟೈಲರಕ್ಕನೂ ಮೇಲಿನಿಂದ ಬಡ್ಡಿ ಸೇರಿಸಿ ಕೂಗುತ್ತಿದ್ದಳು.

ಆ ಶನಿವಾರ ಸಂಜೆ ಅವನು ಚೀಲ ಇಳಿಸುವುದಕ್ಕೂ ಮೇಲೆ ಗಡಗಡ ಏಳುವುದಕ್ಕೂ ಸರಿಹೋಯಿತು. ಚೀಲದಿಂದ ರಬ್ಬರ್ ಸುತ್ತಿಗೆ ತೆಗೆದು ಮೆಟ್ಟಿಲು ಹತ್ತಿದ.

"ಮಗಾ, ಸುತ್ತಿಗೆ ಇಟ್ಟು ಹೋಗೋ," ಅಂದಳು ಅಮ್ಮ ಹಿಂದಿನಿಂದ. ಅವನ ಕಿವಿಗೆ ಬೀಳಲಿಲ್ಲ.

ಬಾಗಿಲು ತೆರೆದೇ ಇತ್ತು. ಆರು ತಿಂಗಳಲ್ಲಿ ಅವನು ಆ ಹೊಸಿಲು ದಾಟಿದ್ದು ಅದೇ ಮೊದಲು. ಒಳಗೆ ನೀಲಿ ಲಂಗಗಳ ಗುಡ್ಡೆ, ಬಿಳಿ ಅಂಗಿಗಳ ಗುಡ್ಡೆ, ನಡುವೆ ಮಿಷನ್ನು. ಟೈಲರಕ್ಕ ಕನ್ನಡಕದ ಮೇಲಿಂದ ಅವನನ್ನೂ ಸುತ್ತಿಗೆಯನ್ನೂ ನೋಡಿ, ನಿಧಾನಕ್ಕೆ ದೊಡ್ಡ ಕತ್ತರಿಯನ್ನು ತನ್ನ ಕಡೆ ಎಳೆದುಕೊಂಡಳು.

"ಹೊಡಿಯೋಕ್ ಬಂದ್ಯಾ? ಒಂದ್ನಿಮಿಷ ತಡಿ. ಈ ಕಾಲರ್ ಮುಗಿಸ್ಬಿಡ್ತೀನಿ, ಸೋಮವಾರ ಕೊಡ್ಬೇಕು."

"ನೀನು ತುಳಿಯೋದು ಕೆಳಗೆ ಹೆಂಗ್ ಕೇಳ್ಸುತ್ತೆ ಗೊತ್ತೇನಕ್ಕ ನಿಂಗೆ? ಹಿಂಗೆ," ಎಂದು ಅವನು ಮಂಡಿಯೂರಿ ಮಿಷನ್ನಿನ ಕಾಲ ಬಳಿ ನೆಲಕ್ಕೆ ಬೀಸಿ ಹೊಡೆದ.

ಡೊಬ್.

ಎರಡನೇ ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಅದು ತುಂಬಿದ ನೆಲದ ಸದ್ದಲ್ಲ. ಸುತ್ತಿಗೆ ತಿರುಗಿಸಿ ಹಿಡಿಯಿಂದ ಮೆಲ್ಲಗೆ ತಟ್ಟಿದ. ಡೊಬ್. ಪಕ್ಕದ್ದೂ ಡೊಬ್. ಗೋಡೆ ಬದಿಯದು ಟಕ್ ಎಂದಿತು, ಗಟ್ಟಿ. ಕೋಪ ಎಲ್ಲಿ ಹೋಯಿತೋ, ಅವನು ಲಂಗಗಳ ಗುಡ್ಡೆ ಸರಿಸುತ್ತ, ಕಿವಿ ನೆಲಕ್ಕಿಟ್ಟು, ಅಂಬೆಗಾಲಲ್ಲಿ ಇಡೀ ಕೋಣೆ ತಟ್ಟಿಕೊಂಡು ಹೋದ. ಒಟ್ಟು ಹನ್ನೊಂದು ಟೈಲ್ಸು ಪೊಳ್ಳು. ಅದರಲ್ಲೊಂದರ ಮೂಲೆ ಮಿಷನ್ನಿನ ಕಾಲ ಕೆಳಗೇ ಅಲುಗುತ್ತಿತ್ತು. ಸಾಲದ್ದಕ್ಕೆ ಅಡಿಯಲ್ಲಿ ಖಾಲಿ. ಮಿಷನ್ನು ಓಡಿದಾಗಲೆಲ್ಲ ನೆಲ ತಮಟೆಯಾಗುತ್ತಿತ್ತು.

"ಯಾವ ಬೇವಾರ್ಸಿ ಹಾಕಿದ್ದಕ್ಕ ಈ ನೆಲ?" ಎನ್ನುತ್ತ ಅವನು ಮೂಲೆಯ ಪೈಪಿನ ಹತ್ತಿರ ಬಂದ. ಸುತ್ತಿಗೆ ಕೆಳಗಿಟ್ಟು ಬಗ್ಗಿ ನೋಡಿದ.

ಪೈಪಿನ ಸುತ್ತ ಅರ್ಧಚಂದ್ರದ ಹಾಗೆ ಕತ್ತರಿಸಿದ ಟೈಲ್ಸು. ಚಂದ್ರ ಎರಡು ಬೆರಳು ಹೆಚ್ಚೇ ದೊಡ್ಡದಾಗಿ, ಸಂದಿಗೆ ಬಿಳಿ ಸಿಮೆಂಟು ಮೆತ್ತಿತ್ತು. ಆ ಚಂದ್ರಕ್ಕಾಗಿ ಮೇಸ್ತ್ರಿಯಿಂದ ಬಿದ್ದ ಏಟು ಅವನ ಎಡಗಿವಿಗೆ ಇನ್ನೂ ನೆನಪಿತ್ತು. ಏಳು ವರ್ಷದ ಹಿಂದೆ, ಶಾಲೆ ಬಿಟ್ಟ ಹೊಸತು. ಮೇಸ್ತ್ರಿ ದಿನಕ್ಕೊಂದು ಕಟ್ಟಡಕ್ಕೆ ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದ. ಬಣ್ಣ ಕಾಣದ ಕಟ್ಟಡಗಳೆಲ್ಲ ಒಂದೇ ತಾಯಿಯ ಮಕ್ಕಳು, ಬೀದಿ ನೆನಪಿಡುವ ವಯಸ್ಸೂ ಅದಲ್ಲ. ಗಾರೆಯನ್ನು ಟೈಲ್ಸಿನ ಅಡಿ ತುಂಬ ಹರಡಬೇಕಲ್ಲವಾ ಎಂದು ಅವನು ಕೇಳಿದ್ದ. ಮೇಸ್ತ್ರಿ ನಕ್ಕಿದ್ದ. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು, ಕೂರಿಸು ಮುಂದೆ ಹೋಗು. ಟೈಲ್ಸಿನ ಕೆಳಗೆ ಯಾವನು ಇಣುಕಿ ನೋಡ್ತಾನೆ?

ಸುಮ್ಮನಿದ್ದುಬಿಡಬಹುದಿತ್ತು. ಸುತ್ತಿಗೆ ಎತ್ತಿಕೊಂಡು ಇಳಿದುಹೋದರೆ ಕೇಳುವವರಿಲ್ಲ. ಆದರೆ ಕೆಳಗೆ ಅಮ್ಮ ಲೋಟ ಇಡುತ್ತಿದ್ದಳು, ಸದ್ದಿಲ್ಲದೆ.

"ನಾನೇ ಕಣಕ್ಕ," ಅಂದ. "ಈ ನೆಲ ಹಾಕಿದ್ದು ನಾನೇ."

ಟೈಲರಕ್ಕ ಕತ್ತರಿ ಕೆಳಗಿಟ್ಟಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ಬಂತು ನಗು, ಹೊಟ್ಟೆ ಹಿಡಿದುಕೊಳ್ಳುವಂಥದ್ದು.

"ಮಾಡಿದ್ದುಣ್ಣೋ ಮಹಾರಾಯ. ಆರು ತಿಂಗಳಿಂದ ನಿನ್ ತಲೆ ಮೇಲೆ ಕುಣೀತಿದ್ದೋಳು ನಾನಲ್ಲ ಹಂಗಾದ್ರೆ, ನೀನೇ."

ನಗಬಾರದು ಎಂದು ತುಟಿ ಕಚ್ಚಿದರೂ ಅವನಿಗೂ ನಗು ಬಂತು. ಎಷ್ಟು ದಿನವಾಗಿತ್ತೋ, ದವಡೆ ಸಡಿಲವಾದದ್ದು ಅವನಿಗೇ ತಿಳಿಯಿತು.

ಭಾನುವಾರ ಮಿಷನ್ನು ಕೆಳಗೆ ಅಮ್ಮನ ಕೋಣೆಗೆ ಇಳಿಯಿತು. ಅಮ್ಮ ಗುಂಡಿ ಹಾಕಿಕೊಡಲು ಕೂತಳು. ಮೆಣಸಿನಕಾಯಿ ಮೇಲೆ ಉಳಿ ಹಿಡಿದ. ಐದು ಉಂಡೆಯ ಟೈಲ್ಸುಗಳು ಹಪ್ಪಳದ ಹಾಗೆ ಎದ್ದು ಬಂದವು. ಒಣಗಿದ ಉಂಡೆಗಳನ್ನು ಕೆತ್ತಿ ತೆಗೆಯುವಾಗ ಎದ್ದ ಸದ್ದು ಅಷ್ಟಿಷ್ಟಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ಟೈಲರಕ್ಕ ಮೆಟ್ಟಿಲ ಬುಡದಲ್ಲಿ ಹಾಜರು.

"ಲೋ, ಈ ಮನೇಲಿ ಮನುಷ್ಯರು ಬದುಕೋದು ಹೆಂಗೋ?"

"ಹೊಂದಿಕೊಂಡ್ ಹೋಗಕ್ಕ," ಅಂದ ಅವನು ಮೇಲಿಂದ.

ಅಡಿ ತುಂಬ ಗಾರೆ ಹರಡಿ, ರಸಮಟ್ಟ ಇಟ್ಟು ಸಮ ನೋಡಿ, ಹನ್ನೊಂದನ್ನೂ ಕೂರಿಸಿದ. ಎರಡು ಒಡೆದಿದ್ದವು, ಅಲ್ಲಿಗೆ ಬೇರೆ ಬಣ್ಣದವು ಬಂದವು. ಮಿಷನ್ನಿನ ಕಾಲುಗಳಿಗೆ ದಪ್ಪ ರಬ್ಬರು ಕತ್ತರಿಸಿಟ್ಟ. ಸೋಮವಾರ ಸಂಜೆಯವರೆಗೆ ಯಾರೂ ತುಳಿಯಕೂಡದು ಎಂದು ಬಾಗಿಲಿಗೆ ಹಗ್ಗ ಕಟ್ಟಿದ. ಆ ರಾತ್ರಿ ಟೈಲರಕ್ಕ ಅಮ್ಮನ ಜೊತೆ ಮಲಗಿ ಗೊರಕೆ ಹೊಡೆದಳಂತೆ. ಅವನಿಗೆ ಗೊತ್ತಾಗಲೇ ಇಲ್ಲ.

ಸೋಮವಾರ ಹಾಲ್‌ನಲ್ಲಿ ಅರ್ಧ ಕೆಲಸ ಆಗಿತ್ತು, ಅದೇ ಹಳೇ ಮೇಸ್ತ್ರಿ ಬಂದ. ಹಿಂಗೆ ಗಾರೆ ಬಳಿದರೆ ನಾಳೆಗೂ ಮುಗಿಯಲ್ಲ, ಐದು ಉಂಡೆ ಇಟ್ಟು ಓಡಿಸು ಅಂದ. ಮೆಣಸಿನಕಾಯಿ ಕರಣೆ ಕೆಳಗಿಟ್ಟು ಎದ್ದ. ಇಡೀ ಹಾಲ್ ಕೆಲಸ ನಿಲ್ಲಿಸಿ ನೋಡಿತು.

"ಟೈಲ್ಸ್ ಕೆಳಗೆ ಯಾವನು ಇಣುಕ್ತಾನೆ ಅಂದಿದ್ಯಲ್ಲ ಮೇಸ್ತ್ರಿ. ನಾನು ಇಣುಕ್ದೆ. ಅಲ್ಲಿ ನಮ್ಮಮ್ಮ ಇದ್ಲು."

ಮೇಸ್ತ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಸಂಜೆ ಇಂಜಿನಿಯರಮ್ಮ ದಾರ ಎಳೆದಳು. ಒಂದು ಕೂದಲಷ್ಟೂ ಆಚೀಚೆ ಇರಲಿಲ್ಲ. ಹಸಿ ಟೈಲ್ಸು ತುಳಿಯದೆ, ಅಂಚಿನಲ್ಲೇ, ಉದ್ದನೆಯ ಕಬ್ಬಿಣದ ಕಡ್ಡಿ ಹಿಡಿದು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಟ್ಟುತ್ತ ನಡೆದಳು. ಟಕ್, ಟಕ್, ಟಕ್. ಒಂದೂ ಪೊಳ್ಳಿಲ್ಲ. ಇನ್ನು ಮೇಲೆ ಈ ಮಹಡಿಯ ಗಾರೆ ಅವನು ಹೇಳಿದ ಹಾಗೇ ಆಗಲಿ ಎಂದು ಮೇಸ್ತ್ರಿಯ ಎದುರಿಗೇ ಹೇಳಿ ಹೋದಳು.

ಮನೆಗೆ ಬಂದವನೇ ಮಿಷನ್ನನ್ನು ಹೊತ್ತು ಮೇಲೆ ಇಟ್ಟುಬಂದ. ಕೈಕಾಲು ತೊಳೆದು, ಊಟ ಮುಗಿಸಿ, ಹಾಸಿಗೆಯ ಮೇಲೆ ಚಾಚಿಕೊಂಡು ಸೂರು ನೋಡುತ್ತ ಕಾದ. ಈಗ ಬರುತ್ತೆ, ಈಗ ಬರುತ್ತೆ.

"ಟೈಲರಕ್ಕ ಇನ್ನೂ ಶುರುಮಾಡಿಲ್ವೇನಮ್ಮ?"

"ಅಯ್ಯೋ, ನೀನು ಊಟಕ್ಕೆ ಕೂರೋ ಮುಂಚೇನೇ ಶುರುಮಾಡಿದ್ಲಲ್ಲೋ," ಅಂದಳು ಅಮ್ಮ, ಮತ್ತು ಲೋಟವನ್ನು ಒಂದೇ ಕೈಯಲ್ಲಿ, ಟಣ್ ಎಂದು ಕೆಳಗಿಟ್ಟಳು.