ಮಾತು ಸೋರದ ಕೋಣೆ

ಆ ಕೋಣೆಯನ್ನು ಮಾಡಿಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ನನ್ನ ಹೆಂಡತಿಯ ಕಡೆಗೇ ವಾಲುತ್ತಾರೆ. ಒಡಹುಟ್ಟಿದ ಅಕ್ಕನೇ ವಾಲಿದಳು, ಇನ್ನು ಬೇರೆಯವರ ಮಾತೇನು.

ಕೋಣೆಯೊಳಗಿನ ಮಾತು ಹೊರಗೆ ಹೋಗದಂತೆ ಮಾಡುವುದು ನನ್ನ ಕಸುಬು. ವಕೀಲರ ಕೊಠಡಿ, ಡಾಕ್ಟರು ರೋಗಿಯನ್ನು ಕೂರಿಸಿಕೊಂಡು ಮಾತಾಡುವ ಜಾಗ, ಗಂಡ ಹೆಂಡಿರ ಜಗಳ ಬಿಡಿಸುವ ಸಲಹೆಗಾರರ ಆಫೀಸು, ಇಂಥವು. ಗೋಡೆಗೂ ಕಿವಿ ಇರುತ್ತದೆ ಎಂದು ಜನ ಹೇಳುತ್ತಾರೆ. ಸುಳ್ಳು. ಗೋಡೆ ಪಾಪ, ಶುದ್ಧ ಕಿವುಡು. ಕಿವಿ ಇರುವುದು ಬಾಗಿಲ ಕೆಳಗಿನ ಸಂದಿಗೆ, ಪೈಪು ತೂರಿದ ತೂತಿಗೆ, ಒಂದೇ ಗೋಡೆಯ ಆಚೆ ಈಚೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಸ್ವಿಚ್ ಬಾಕ್ಸುಗಳಿಗೆ. ಗಾಳಿ ನುಸುಳುವಲ್ಲೆಲ್ಲ ಮಾತೂ ನುಸುಳುತ್ತದೆ. ತೂತಿಗೆ ಒಳಗು ಹೊರಗು ಎಂಬ ಭೇದವಿಲ್ಲ ಎಂದು ನಾನು ಪ್ರತಿ ಗಿರಾಕಿಗೂ ಬಿಡಿಸಿ ಹೇಳುತ್ತೇನೆ. ಊರಿಗೆಲ್ಲ ಹೇಳುವ ಬುದ್ಧಿ ಮನೆಯಲ್ಲಿ ಕೈಕೊಟ್ಟಿತು, ಅದು ಬೇರೆ ವಿಷಯ.

ಕೆಲಸ ಮುಗಿದ ಮೇಲೆ ಪರೀಕ್ಷೆ ಇರುತ್ತದೆ. ಒಬ್ಬರು ಒಳಗೆ ಕೂತು ಎಂದಿನ ದನಿಯಲ್ಲಿ ಪೇಪರು ಓದಬೇಕು. ಹೊರಗೆ ನಿಂತವನು ತನಗೆ ಕೇಳಿದ್ದನ್ನು ಹೇಳಬೇಕು. ಏನೂ ಕೇಳಲಿಲ್ಲ ಎಂದರೆ ಕೆಲಸ ಪಾಸು. ಮದುವೆಯಾದ ಹೊಸತರಲ್ಲಿ ಓದುವುದಕ್ಕೆ ಇವಳೇ ಬರುತ್ತಿದ್ದಳು. ತರಕಾರಿ ಬೆಲೆಯನ್ನೂ ಕತೆ ಹೇಳುವ ಹಾಗೆ ಓದುವ ದನಿ ಅದು. ಬಾಗಿಲಂಚಿನ ರಬ್ಬರ್ ಪಟ್ಟಿ ಸರಿಯಾಗಿ ಕೂತು ಆ ದನಿ ತಟ್ಟನೆ ನಿಂತುಹೋದಾಗ ಕೆಲಸ ಗೆದ್ದ ಖುಷಿಯ ಜೊತೆ ನನಗೆ ಒಂದಿಷ್ಟು ಬೇಜಾರೂ ಆಗುತ್ತಿತ್ತು. ಆಮೇಲೆ ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಪರೀಕ್ಷೆಗೆ ನಾನೊಂದು ರೇಡಿಯೋ ಇಟ್ಟುಕೊಂಡೆ.

ಈ ವರ್ಷ ಒಂದು ದಿನ ಊಟ ಬಡಿಸುತ್ತ ಅವಳೇ ಮಾತು ತೆಗೆದಳು.

"ಊರಿನ ವಕೀಲರಿಗೆಲ್ಲ ಮಾಡಿಕೊಟ್ಟಿದೀರಿ. ನನಗೂ ಒಂದು ಮಾಡಿಕೊಡಿ."

"ನಿನಗ್ಯಾಕೆ?"

"ಫೋನಲ್ಲಿ ಮಾತಾಡೋಕೆ. ಈ ಮನೇಲಿ ಎಲ್ಲ ಕೇಳತ್ತೆ. ನಾನು ಫೋನ್ ಇಟ್ಟ ತಕ್ಷಣ ನೀವು ಶುರು ಮಾಡ್ತೀರಿ. ಯಾರು, ಏನಂದ್ರು, ನೀನು ಯಾಕೆ ಹಾಗಂದೆ."

ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಒಡವೆ ಕೇಳಿದ್ದರೆ ಕಷ್ಟವಾಗುತ್ತಿತ್ತು, ಇದು ನನ್ನ ಕೈಯಲ್ಲೇ ಇರುವ ವಿದ್ಯೆ. ಅಡುಗೆಮನೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿ ದಪ್ಪ ಬಾಗಿಲು ಕೂರಿಸಿದೆ, ಸಂದಿಗೊಂದಿಗೆಲ್ಲ ಪಟ್ಟಿ ಹೊಡೆದೆ. ಒಂದೇ ಒಂದು ಕಡೆ ನನಗೆ ಅನುಮಾನವಿತ್ತು. ಹಳೆಯ ಮನೆಯಾದ್ದರಿಂದ ಆ ಕೋಣೆಯ ಸ್ವಿಚ್ ಬಾಕ್ಸೂ ಅಡುಗೆಮನೆಯದೂ ಬೆನ್ನಿಗೆ ಬೆನ್ನು ಕೊಟ್ಟಿದ್ದವು. ಅಲ್ಲಿ ಸಂದಿಗೆ ಮೆತ್ತುವ ಪುಟ್ಟಿಯನ್ನು ಒತ್ತಿ ಒತ್ತಿ ತುಂಬಿ ಮುಚ್ಚಿದೆ. ಒಂದು ಕುರ್ಚಿ, ಒಂದು ದೀಪ ಇಟ್ಟುಕೊಟ್ಟೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಮೈಯೆಲ್ಲ ಕಿವಿ ಮಾಡಿಕೊಂಡರೂ ಏನೂ ಕೇಳಲಿಲ್ಲ. ಇಂಥ ಕೆಲಸ ಇನ್ನೊಬ್ಬ ಮಾಡಲಾರ ಎಂದು ಬೀಗಿದೆ.

ಆ ಹೆಮ್ಮೆ ಒಂದು ವಾರವೂ ಬಾಳಲಿಲ್ಲ. ಅವಳು ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು ಆ ಕೋಣೆ ಸೇರಿದಳೆಂದರೆ ಚಹಾ ಆರಿ ತಣ್ಣಗಾಗುತ್ತಿತ್ತು. ಹೊರಗೆ ಬರುವಾಗ ಪಾತ್ರೆಯ ತಳದಲ್ಲಿ ಉಳಿದ ಹಾಲಿನ ಹಾಗೆ ಮುಖದಲ್ಲಿ ಒಂದಿಷ್ಟು ನಗು ಉಳಿದಿರುತ್ತಿತ್ತು. ಕೆನೆಯೆಲ್ಲ ಒಳಗೇ ಖರ್ಚಾಗಿರುತ್ತಿತ್ತು.

"ಯಾರದು ಫೋನು?"

"ಯಾರೂ ಇಲ್ಲ ಬಿಡಿ. ಸುಮ್ನೆ ಮಾತಾಡ್ತಿದ್ವಿ."

ಯಾರೂ ಇಲ್ಲದವರ ಜೊತೆ ಒಬ್ಬ ಹೆಂಗಸು ಅಷ್ಟು ಹೊತ್ತು ನಗುತ್ತಾಳೆಯೇ? ಆಗ ನನಗೆ ನೆನಪಾದವನು ಕಣ್ಣು ಪರೀಕ್ಷೆಯವನು. ಅವಳ ಅಂಗಡಿಗೆ ಹೊಸದಾಗಿ ಸೇರಿದವನು. ಮೊದಮೊದಲು ಊಟದ ಹೊತ್ತಿಗೆ ಅವನ ಸುದ್ದಿ ಬರುತ್ತಿತ್ತು, ಎಷ್ಟು ಮೆತ್ತಗೆ ಮಾತಾಡುತ್ತಾನೆಂದರೆ ಗಿರಾಕಿಗಳು ಕುರ್ಚಿಯಲ್ಲೇ ತೂಕಡಿಸುತ್ತಾರೆ ಎಂದು. ಕೆಲವು ದಿನಗಳಿಂದ ಆ ಸುದ್ದಿ ನಿಂತಿತ್ತು. ಒಬ್ಬನ ಸುದ್ದಿ ಹೇಳಿದರೆ ಪರವಾಗಿಲ್ಲ. ಹೇಳುತ್ತಿದ್ದವಳು ನಿಲ್ಲಿಸಿದರೆ ಅದರಲ್ಲಿ ಏನೋ ಇದೆ. ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಅವಳಿಗೆ ರಜೆ ಇದ್ದ ದಿನ ನೋಡಿಕೊಂಡು ಕಣ್ಣು ತೋರಿಸುವ ನೆಪದಲ್ಲಿ ಹೋದೆ, ಯಾರ ಗಂಡ ಎಂದೂ ಹೇಳಿಕೊಂಡೆ. ಕತ್ತಲೆ ಕೋಣೆ, ಎತ್ತರದ ಕುರ್ಚಿ. ಅವನು ಸಣ್ಣ ಟಾರ್ಚು ಹಿಡಿದುಕೊಂಡು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದ. ಬಾಯಲ್ಲಿ ಏಲಕ್ಕಿ ವಾಸನೆ. ನಿಜಕ್ಕೂ ದನಿ ಮೆತ್ತಗಿತ್ತು, ಅದೇ ನನ್ನ ಹೊಟ್ಟೆ ಉರಿಸಿತು.

"ಮೇಲೆ ನೋಡಿ ಸಾರ್. ಈಗ ಕೆಳಗೆ. ನಿಮ್ಮ ಮನೆಯವರು ನಿಮ್ಮ ವಿಷಯ ತುಂಬ ಹೇಳ್ತಿರ್ತಾರೆ."

"ಏನಂತ?"

"ಒಳ್ಳೇದೇ ಸಾರ್." ಟಾರ್ಚು ಆರಿಸಿದ. "ಕಣ್ಣು ಚೆನ್ನಾಗಿದೆ. ಏನೂ ತೊಂದರೆ ಇಲ್ಲ."

ನನ್ನ ವಿಷಯವನ್ನು ಇವನ ಹತ್ತಿರ ಹೇಳುತ್ತಾಳೆ, ಇವನ ವಿಷಯವನ್ನು ನನ್ನ ಹತ್ತಿರ ಹೇಳುವುದಿಲ್ಲ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅವಳ ಫೋನು ತೆಗೆದು ನೋಡುವಷ್ಟು ಕೀಳು ಮನುಷ್ಯ ನಾನಲ್ಲ. ಆದರೆ ಅಡುಗೆಮನೆ ನನ್ನದು, ಅಡುಗೆಮನೆಯ ಸ್ವಿಚ್ ಬಾಕ್ಸೂ ನನ್ನದೇ.

ಭಾನುವಾರ ಮಧ್ಯಾಹ್ನ ಅವಳು ಕೋಣೆ ಸೇರಿದ ಮೇಲೆ ಅಡುಗೆಮನೆಯ ಫ್ಯೂಸು ತೆಗೆದಿಟ್ಟು ಸ್ಕ್ರೂಡ್ರೈವರ್ ಹಿಡಿದೆ. ಸ್ವಿಚ್ಚಿನ ಮುಚ್ಚಳದ ಬಿಲ್ಲೆ ಕಳಚಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಸದ್ದಿಲ್ಲದೆ, ನಾನೇ ತುಂಬಿದ ಪುಟ್ಟಿಯನ್ನು ನಾನೇ ಕೆದಕಿದೆ. ತಂತಿಗಳ ನಡುವೆ ಬೆರಳಷ್ಟು ಜಾಗವಾಯಿತು. ಕಿವಿ ಇಟ್ಟೆ. ಅವಳ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಅಯ್ಯೋ ಅತ್ತಿಗೆ, ನೀವು ಸುಮ್ನಿರಿ. ಇದು ಕೇಳಿ."

ಅವಳಿಗೆ ಅಣ್ಣಂದಿರಿಲ್ಲ. ಈ ಭೂಮಿಯ ಮೇಲೆ ಅವಳು ಅತ್ತಿಗೆ ಎಂದು ಕರೆಯುವುದು ಒಬ್ಬಳನ್ನೇ, ನನ್ನ ಅಕ್ಕನನ್ನು.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಕಣ್ಣು ಪರೀಕ್ಷೆಯವನಾಗಿದ್ದರೆ ಒಂದು ಹೊಟ್ಟೆಕಿಚ್ಚು. ಇದು ಎರಡೆರಡು. ನನ್ನ ಅಕ್ಕ ನನಗೆ ಫೋನು ಮಾಡಿದರೆ ಊಟ ಆಯ್ತಾ, ಕೆಲಸ ಹೇಗಿದೆ, ಸರಿ ಇಡ್ತೀನಿ, ಅಷ್ಟೇ. ಅವಳ ಸೆರಗು ಹಿಡಿದುಕೊಂಡು ಬೆಳೆದವನು ನಾನು. ಈಗ ಅವಳ ಮಾತೆಲ್ಲ ಇವಳ ಪಾಲು, ಇವಳ ನಗುವೆಲ್ಲ ಅವಳ ಪಾಲು. ನಡುವೆ ನಾನೊಬ್ಬ ಅಡುಗೆಮನೆಯಲ್ಲಿ ಗೋಡೆ ನೆಕ್ಕುತ್ತ ನಿಂತಿದ್ದೇನೆ.

"ಮದುವೆ ಆದ್ಮೇಲೆ ಮೊದಲ್ನೇ ಸಲ ಹೋಟೆಲಲ್ಲಿ ಇಳ್ಕೊಂಡಿದ್ವಿ ಅತ್ತಿಗೆ. ರೂಮಿಗೆ ಕಾಲಿಟ್ಟಿದ್ದೇ ನಿಮ್ಮ ತಮ್ಮ ಬಾಗಿಲ ಸಂದೀಲಿ ಕೈ ಇಟ್ಟು ನೋಡಿದ್ರು."

ಆ ಕತೆ ನಮ್ಮಿಬ್ಬರದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದನ್ನೂ ಕೊಟ್ಟುಬಿಟ್ಟಳಲ್ಲ ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಅವಳು ನನ್ನ ದನಿ ತೆಗೆದಳು. ಮೂಗಿನಿಂದ ಒಂದು ಹ್ಞೂಂ, ಆಮೇಲೆ ಗಂಟಲಿನಿಂದ ಒಂದು ಹ್ಞೂಂ, ಆಮೇಲೆ ತೀರ್ಪು. "ಹ್ಞೂಂ. ಹ್ಞೂಂ. ಇಲ್ಲಿ ಗಾಳಿ ಇದೆ. ಗಾಳಿ ಇದ್ರೆ ಮಾತೂ ಹೋಗತ್ತೆ." ಥೇಟ್ ನಾನೇ. ವಕೀಲರ ಮುಂದೆ ನಾನು ಹೀಗೆಯೇ ಹೇಳುತ್ತೇನೆ, ಅದು ಇಷ್ಟು ಹಾಸ್ಯಾಸ್ಪದ ಎಂದು ಗೊತ್ತಿರಲಿಲ್ಲ.

"ಇದ್ದ ಟವಲ್ಲೆಲ್ಲ ಬಾಗಿಲ ಕೆಳಗೆ ತುರುಕಿದ್ರು. ಪರೀಕ್ಷೆ ಮಾಡ್ಬೇಕಲ್ಲ, ನನ್ನ ಹೊರಗೆ ನಿಲ್ಲಿಸಿದ್ರು. ನಾನು ಹೊಸ ಬಟ್ಟೆ ಹಾಕ್ಕೊಂಡು ಹೊಸ ಮದುಮಗಳು, ಬಾಗಿಲಿಗೆ ಕಿವಿ ಕೊಟ್ಕೊಂಡು ನಿಂತಿದೀನಿ. ಒಳಗೆ ನಿಮ್ಮ ತಮ್ಮ ಗೋಡೇಲಿ ಅಂಟಿಸಿದ್ದ ಹೋಟೆಲ್ ನಿಯಮಾನ ಗಟ್ಟಿಯಾಗಿ ಓದ್ತಿದಾರೆ. 'ಹೊರಡುವ ಮುನ್ನ ಬೀಗದ ಕೈಯನ್ನು ಒಪ್ಪಿಸತಕ್ಕದ್ದು. ನಲ್ಲಿಯನ್ನು ತೆರೆದು ಬಿಡತಕ್ಕದ್ದಲ್ಲ.' ಪಕ್ಕದ ರೂಮಿನ ಅಜ್ಜಿ ಬಂದು ನನ್ನ ಕೈ ಹಿಡ್ಕೊಂಡ್ರು. 'ಮೊದಲ್ನೇ ದಿನಾನೇ ಹೊರಗೆ ಹಾಕಿದ್ನಾ ತಾಯಿ? ಬಾ, ನನ್ನ ರೂಮಲ್ಲಿ ಮಲ್ಕೋ. ಇಂಥೋನ ಜೊತೆ ಹೇಗೆ ಬಾಳ್ತೀಯ.'"

ಅಜ್ಜಿಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇವಳು ಅದನ್ನು ಹೇಳಿರಲಿಲ್ಲ. ನಲ್ಲಿಯನ್ನು ತೆರೆದು ಬಿಡತಕ್ಕದ್ದಲ್ಲ ಎಂದು ನಾನು ಒಳಗೆ ಗಂಭೀರವಾಗಿ ಓದುತ್ತಿದ್ದಾಗ ಹೊರಗೆ ನನ್ನ ಸಂಸಾರವೇ ಪಕ್ಕದ ರೂಮಿಗೆ ಹೊರಟು ನಿಂತಿತ್ತು. ಹೊಟ್ಟೆಯಿಂದ ಎದ್ದದ್ದು ತಡೆಯಲಾಗಲಿಲ್ಲ. ನಕ್ಕುಬಿಟ್ಟೆ, ಜೋರಾಗಿ, ಬಾಯಿ ಆ ತೂತಿನ ಎದುರಿಗೇ ಇಟ್ಟುಕೊಂಡು.

ತೂತಿಗೆ ಒಳಗು ಹೊರಗು ಎಂಬ ಭೇದವಿಲ್ಲ.

ಆಚೆ ಕಡೆ ಮಾತು ನಿಂತಿತು. "ಆಮೇಲೆ ಮಾಡ್ತೀನಿ ಅತ್ತಿಗೆ" ಎಂಬುದು ಕೇಳಿತು. ಬಾಗಿಲು ತೆರೆಯಿತು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಂತಿಗೆ ಜೋತುಬಿದ್ದ ಬಿಲ್ಲೆಯನ್ನು ನೋಡಿದಳು, ನನ್ನ ಕಿವಿಗೆ ಮೆತ್ತಿದ ಪುಟ್ಟಿಯನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

"ನನ್ನದೇ ತಪ್ಪು," ಎಂದಳು. "ಬೇರೆಯವರ ಹತ್ತಿರ ಮಾಡಿಸಬೇಕಿತ್ತು."

ಆ ಮಾತು ಕಣ್ಣು ಪರೀಕ್ಷೆಯವನಿಗಿಂತ ಹೆಚ್ಚು ಉರಿಸಿತು.

ಆಮೇಲೆ ಅವಳು ಆ ಕೋಣೆಗೆ ಕಾಲಿಡಲಿಲ್ಲ. ಮನೆಯಲ್ಲಿ ಫೋನೂ ಮುಟ್ಟಲಿಲ್ಲ. ಊಟಕ್ಕೆ ಬನ್ನಿ, ಬೀಗ ಹಾಕಿದ್ರಾ, ಇಷ್ಟೇ ನನ್ನ ಪಾಲಿಗೆ ಬಂದ ಮಾತು. ಫೋನು ಬಂದರೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಯಿ ಆಡುವುದು ಕಾಣುತ್ತಿತ್ತು, ಕೈ ಆಡುವುದು ಕಾಣುತ್ತಿತ್ತು. ಚೀಲ ಹಿಡಿದವರು, ಮಗು ಎತ್ತಿಕೊಂಡವರು, ಬಸ್ಸು ಕಾಯುವ ಕಂಡಕಂಡವರೆಲ್ಲ ಅವಳ ಮಾತು ಕೇಳುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. ಒಬ್ಬ ಮುದುಕ ಅವಳ ಮಾತಿಗೆ ನಕ್ಕಿದ್ದನ್ನೂ ಕಂಡೆ. ಆ ಮುದುಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಕ್ಕ ಫೋನು ಮಾಡಿದಳು. ನನಗೇ.

"ಚಿಕ್ಕವನಿದ್ದಾಗ ನಾನು ಅಮ್ಮನ ಹತ್ತಿರ ಮಾತಾಡಿದ್ರೆ ಬಾಗಿಲ ಹಿಂದೆ ನಿಂತ್ಕೋತಿದ್ದೆ ನೀನು. ಈಗ ಗೋಡೆ ಕೊರೆಯೋಕೆ ಕಲ್ತಿದೀಯ."

"ನನ್ನ ಹತ್ತಿರ ಮಾತಾಡೋಕೆ ನಿನಗೇನು ಬಂದಿತ್ತು ರೋಗ?"

"ನೀನೆಲ್ಲಿ ಮಾತಾಡ್ತೀಯೋ? ವಿಚಾರಣೆ ಮಾಡ್ತೀಯ. ಅವಳು ನನ್ನ ಹೆಸರು ಹೇಳಿದ್ರೆ ದಿನಾ ಅಕ್ಕ ಏನಂದ್ಲು ಅಂತ ನೀನು ಅವಳ ಪ್ರಾಣ ತಿಂತಿದ್ದೆ."

"ಮತ್ತೆ ಆ ಕಣ್ಣು ಪರೀಕ್ಷೆಯವನು?"

"ಅವನ ಸುದ್ದಿ ಎತ್ತಿದ್ರೆ ನೀನು ಮುಖ ಊದಿಸ್ಕೋತೀಯ ಅಂತ ಪಾಪ ಅವಳೇ ಬಿಟ್ಲು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೋ. ಅವನ್ಯಾಕೆ ಅದನ್ನ ಕಂಡುಹಿಡೀಲಿಲ್ಲ? ತೂತು ಮುಚ್ಚು. ಇಲ್ಲಾಂದ್ರೆ ಅವಳು ಬೆಂಚಿನ ಮೇಲೇ ಉಳೀತಾಳೆ. ಬೆಂಚಿಗೂ ಬೇಜಾರಾದ್ರೆ ನಮ್ಮನೆಗೆ ಬಾ ಅಂದಿದೀನಿ."

ಆ ಕೊನೆಯ ಮಾತನ್ನು ನಾನು ಮೊದಲೂ ಕೇಳಿದ್ದೆ. ಹೋಟೆಲಿನ ಅಜ್ಜಿಯೂ ಹಾಗೇ ಕರೆದಿದ್ದಳಲ್ಲ.

ಮುಂದಿನ ಭಾನುವಾರ ಅಡುಗೆಮನೆಯ ಬಾಕ್ಸನ್ನೇ ಕಿತ್ತು ಬೇರೆ ಗೋಡೆಗೆ ಹಾಕಿದೆ. ಹಳೆಯ ಗೂಡಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತುವಾಗ ಕೈ ಒಮ್ಮೆ ನಿಂತಿತು. ಒಂದು ಕಡ್ಡಿಯಷ್ಟು ದಾರಿ ಬಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ. ಹೇಗೆ ಬಿಡಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಿಡಲಿಲ್ಲ. ಒಳ್ಳೆಯವನಾದೆ ಅಂತಲ್ಲ, ಬಸ್ ನಿಲ್ದಾಣದ ಮುದುಕ ಕಣ್ಣ ಮುಂದೆ ಬಂದ.

ಗಾರೆ ಒಣಗಿದ ಮೇಲೆ ಅವಳನ್ನು ಕರೆದೆ. "ಪರೀಕ್ಷೆ ಮಾಡಬೇಕು. ಒಳಗೆ ಹೋಗಿ ಓದು."

ಪೇಪರು ಕೊಟ್ಟೆ. ಅವಳು ಅದನ್ನು ತೆಗೆದುಕೊಂಡಳು, ಒಂದು ಗಳಿಗೆ ಯೋಚಿಸಿದಳು, ಮಡಚಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಬರಿಗೈಯಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೋಡೆಗೆ ಕಿವಿ ಇಟ್ಟೆ. ಬಾಗಿಲಿಗೆ ಇಟ್ಟೆ. ಹೊಸ ಗಾರೆಯ ತಂಪು ಕೆನ್ನೆಗೆ ತಾಗಿತು, ಅಷ್ಟೇ. ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಪರೀಕ್ಷೆಗೆ ನಾಲ್ಕು ಸಾಲು ಸಾಕು. ಅವಳು ಬರಲಿಲ್ಲ. ಒಲೆಯ ಮೇಲಿಟ್ಟ ನೀರು ಕುದ್ದಿತು, ಆರಿಸಿದೆ, ಅದು ಉಗುರುಬೆಚ್ಚಗೂ ಆಯಿತು. ಆಗ ಬಂದಳು. ಮೂಗಿನ ತುದಿ ಕೆಂಪಾಗಿತ್ತು.

"ಏನು ಕೇಳಿಸ್ತು?"

ಕೇಳಿಸಿದವನ ಹಾಗೆ ಏನಾದರೂ ಹೇಳಬಹುದಿತ್ತು. ಆದರೆ ಪರೀಕ್ಷೆಯಲ್ಲಿ ಸುಳ್ಳು ಹೇಳಿದವನಲ್ಲ ನಾನು. "ಏನೂ ಕೇಳಿಸಲಿಲ್ಲ."

"ಒಂದಕ್ಷರಾನೂ?"

"ಒಂದಕ್ಷರಾನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆ ಕಣ್ಣು ಪರೀಕ್ಷೆಯವನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಆಮೇಲೆ ಒಲೆ ಹೊತ್ತಿಸಿ ಅದೇ ನೀರಿಗೆ ಚಹಾಪುಡಿ ಹಾಕಿ ಮತ್ತೆ ಇಟ್ಟಳು.

"ಒಳ್ಳೆ ಕೆಲಸ ಮಾಡಿದೀರಿ," ಎಂದಳು. "ನಿಮಗೇ ಹೇಳಿದ್ದು, ಎಲ್ಲಾನೂ."

"ನನಗಾ? ಏನು ಹೇಳಿದೆ?"

"ಪರೀಕ್ಷೆ ಮುಗೀತಲ್ಲ."

"ಇನ್ನೊಂದ್ಸಲ ಹೇಳು. ಇಲ್ಲೇ ಹೇಳು."

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಕ್ಕನದೇ. ಅವಳ ಕಣ್ಣು ಒಮ್ಮೆ ಬಾಗಿಲ ಬಳಿ ಇದ್ದ ಚಪ್ಪಲಿಯ ಕಡೆ ಹೋಯಿತು. ಅವಳು ಚಪ್ಪಲಿ ಮೆಟ್ಟಲಿಲ್ಲ. "ಚಹಾ ಸೋಸ್ಕೊಳ್ಳಿ," ಎಂದವಳೇ ಫೋನಿಗೆ ಮಾತಾಡುತ್ತ ಕೋಣೆಯೊಳಗೆ ಹೋಗಿ ಬಾಗಿಲೆಳೆದುಕೊಂಡಳು. ರಬ್ಬರ್ ಪಟ್ಟಿ ಮೆತ್ತಗೆ ಕೂತಿತು, ದನಿ ತಟ್ಟನೆ ನಿಂತಿತು.

ನಾನು ಇಬ್ಬರಿಗೂ ಚಹಾ ಸೋಸಿದೆ. ಅವಳದರ ಮೇಲೆ ತಟ್ಟೆ ಮುಚ್ಚಿದೆ. ನನಗೆಂದೇ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡದ್ದು ಆ ಕೋಣೆಯ ನಾಲ್ಕು ಗೋಡೆಗಳು, ಅದೂ ಕಿವುಡು ಗೋಡೆಗಳು. ಈಗ ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚು.