ಹತ್ತು ಎಣಿಸುವವರೆಗೆ

ಮೂರನೇ ಸಲವೂ ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಬೆಳೆದು ಕೂತಿದ್ದನ್ನು ಕಂಡು ದೊಡ್ಡಕ್ಕನಿಗೆ ರೇಗಿಹೋಯಿತು. ಇಪ್ಪತ್ತೆಂಟು ವರ್ಷಗಳಿಂದ ಈ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಅಂಟು ಕುದಿಸಿ ಪ್ಲೇಟು ಹೊಯ್ಯುತ್ತಿರುವವಳು ಅವಳು. ಆಂಟಿಬಯಾಟಿಕ್ ಬೆರೆತ ಪ್ಲೇಟಿನ ಮೇಲೆ ಮಾಮೂಲಿ ಬ್ಯಾಕ್ಟೀರಿಯಾ ಸಾಯಬೇಕು, ಸಂಶೋಧನೆಯ ಹುಡುಗಿ ಮಾರ್ಪಡಿಸಿದ್ದು ಮಾತ್ರ ಬದುಕಬೇಕು. ಇಲ್ಲಿ ನೋಡಿದರೆ ಎಲ್ಲವೂ ಹಾಯಾಗಿ ಸಂಸಾರ ಹೂಡಿದ್ದವು.

ತಪ್ಪು ಹುಡುಗಿಯದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಬ್ಯಾಕ್ಟೀರಿಯಾ ಕಾಪಿಟ್ಟ ಟ್ಯೂಬುಗಳಲ್ಲಿ ಏನೋ ಬೆರಕೆಯಾಗಿದೆ ಎಂದು ಪ್ರೊಫೆಸರ್ ಕಿವಿಗೂ ಹಾಕಿದ್ದಳು. ಹಾಗಿದ್ದರೆ ಅವನ್ನೆಲ್ಲ ಇವತ್ತೇ ಆಟೋಕ್ಲೇವಿನ ಬಿಸಿ ಉಗಿಗೆ ಹಾಕಿ ಕೊಂದುಬಿಡಿ ಎಂದು ಅವರು ಹೇಳಿಯಾಗಿತ್ತು. ಹುಡುಗಿಯ ಆರು ತಿಂಗಳ ದುಡಿಮೆ ಬುಟ್ಟಿಯಲ್ಲಿ ಕಾಯುತ್ತಿತ್ತು. ಹುಡುಗಿ ಅಳಲಿಲ್ಲ, ವಾದಿಸಲಿಲ್ಲ. ಅದೂ ದೊಡ್ಡಕ್ಕನಿಗೆ ಕಿರಿಕಿರಿಯೇ.

ಬೆಳಗ್ಗೆಯಿಂದಲೇ ಅವಳ ತಲೆ ಕೆಟ್ಟಿತ್ತು. ಮೊಮ್ಮಗನ ಸ್ನಾನದ ನೀರನ್ನು ಕೈಯದ್ದಿ ನೋಡಿ, ಹದವಾಗಿದೆ ಎಂದು ಒಂದು ಚೊಂಬು ಹೊಯ್ದಿದ್ದಳು. ಮಗು ಕಿಟಾರನೆ ಕಿರುಚಿತು. ಸೊಸೆ ಮಗುವನ್ನೆತ್ತಿ ಬಕೆಟ್ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಮಕ್ಕಳನ್ನು ಹೆತ್ತು ಸಾಕಿದವಳಿಗೆ ಇವಳು ಪಾಠ ಹೇಳುತ್ತಾಳೆ!

ಹೊಸ ಅಗರ್ ಬಾಟಲಿಗಳನ್ನು ಆಟೋಕ್ಲೇವಿನಿಂದ ಹೊರತೆಗೆದು ಆರಲು ಬಿಟ್ಟಳು. ತೀರಾ ಬಿಸಿಯಿದ್ದರೆ ಬೆರೆಸುವ ಆಂಟಿಬಯಾಟಿಕ್ ಔಷಧಿ ಕೆಡುತ್ತದೆ, ತೀರಾ ಆರಿದರೆ ಅಗರ್ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಥರ್ಮಾಮೀಟರ್ ಅದ್ದಿದರೆ ಇಲ್ಲದ ಕೊಳೆ ಒಳಗೆ ಸೇರುತ್ತದೆ. ಅದಕ್ಕೇ ಈ ಲ್ಯಾಬಿನಲ್ಲಿ ದೊಡ್ಡಕ್ಕನ ಅಂಗೈಯೇ ಅಳತೆ: ಬಾಟಲಿ ಹಿಡಿದು ಹತ್ತು ಎಣಿಸುವವರೆಗೆ ತಾಳಿದರೆ ಔಷಧಿ ಬೆರೆಸಬಹುದು.

ಹತ್ತು ಎಣಿಸಿದಳು. ಔಷಧಿ ಬೆರೆಸುವ ಮೊದಲು ಟ್ಯೂಬುಗಳ ಬುಟ್ಟಿಯನ್ನು ಆಟೋಕ್ಲೇವಿನ ಒಳಗಿಟ್ಟುಬಿಡೋಣವೆಂದು ಬಾಟಲಿಯನ್ನು ಹುಡುಗಿಯ ಕೈಗೆ ದಾಟಿಸಿದಳು. ಹುಡುಗಿ ಅದನ್ನು ಮೇಜಿನ ಮೇಲೆ ಕುಕ್ಕಿ ಕೈ ಕೊಡವಿದಳು.

"ಸುಡ್ತಿದೆ ದೊಡ್ಡಕ್ಕ."

"ಹತ್ತು ಎಣಿಸಿದೀನಿ ಕಣೆ. ನಿಮ್ಮದೆಲ್ಲ ಹೂವಿನ ಕೈ."

ಹುಡುಗಿ ಅಂಗೈ ತೋರಿಸಿದಳು. ಕೆಂಪಗಾಗಿತ್ತು. ಇವಳ ಬಾಯಿ ಮುಚ್ಚಿಸಿಯೇ ತೀರಬೇಕೆಂದು ದೊಡ್ಡಕ್ಕ ಒಂದು ಲೋಟದಷ್ಟು ಅಗರ್ ಬಗ್ಗಿಸಿ ಥರ್ಮಾಮೀಟರ್ ಅದ್ದಿದಳು. ಐವತ್ತು ಡಿಗ್ರಿ ಇರಬೇಕಾದದ್ದು ಎಪ್ಪತ್ತೊಂದು. ಅದು ಕೆಟ್ಟಿದೆಯೆಂದು ಬೈದು ಇನ್ನೊಂದನ್ನು ತಂದಳು. ಎಪ್ಪತ್ತು.

ಸ್ಟೂಲಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಂಡಳು. ಇಷ್ಟು ವರ್ಷ ಬಿಸಿ ಬಾಟಲಿ ಹಿಡಿದೂ ಹಿಡಿದೂ ಚರ್ಮ ಜಡ್ಡುಗಟ್ಟಿತ್ತು. ಇಷ್ಟು ದಿನ ಬೆರೆಸುತ್ತಿದ್ದ ಹಳೆಯ ಔಷಧಿ ಗಟ್ಟಿಗ, ಬಿಸಿಗೆ ಜಗ್ಗದೆ ಅವಳ ಮಾನ ಕಾಪಾಡಿಕೊಂಡು ಬಂದಿತ್ತು. ಹುಡುಗಿ ತಂದ ಹೊಸ ಔಷಧಿ ಸೂಕ್ಷ್ಮದ್ದು, ಮೂರು ಸಲವೂ ದೊಡ್ಡಕ್ಕನ ಕೈಯಲ್ಲೇ ಸತ್ತಿತ್ತು. ಬೆಳಗಿನ ಬಕೆಟ್ ನೆನಪಾಗಿ ದಡಕ್ಕನೆ ಎದ್ದಳು.

ಬುಟ್ಟಿ ಎತ್ತಿಕೊಂಡು ನೇರ ಪ್ರೊಫೆಸರ್ ಕೋಣೆಗೆ ಹೋದಳು.

"ಟ್ಯೂಬ್ ಸರಿಯಾಗೇ ಇದೆ ಸಾರ್. ನನ್ನ ಕೈ ಕೆಟ್ಟಿದೆ."

ಅವರು ಏನು ಹೇಳಿದರೋ, ಅವಳ ತಲೆಗೆ ಹೋಗಲಿಲ್ಲ. ಹಿಂದಿರುಗಿ ಬಂದು ಟ್ಯೂಬುಗಳನ್ನು ಫ್ರಿಜ್ಜಿನಲ್ಲಿ ಅವುಗಳ ಜಾಗದಲ್ಲೇ ಜೋಡಿಸಿದಳು. ಎರಡನೇ ಬಾಟಲಿ ಇನ್ನೊಂದಿಷ್ಟು ಹೊತ್ತು ಆರಿದ ಮೇಲೆ ಹುಡುಗಿಯ ಇನ್ನೊಂದು ಕೈಯನ್ನು ಹಿಡಿದೆಳೆದು ಮೆಲ್ಲಗೆ ಅದಕ್ಕೆ ತಾಗಿಸಿದಳು. ಸುಟ್ಟರೆ ಬಾಯಿಬಿಟ್ಟು ಹೇಳು, ನುಂಗಿಕೊಂಡು ಕೂರಬೇಡ ಎಂದು ಗದರಿದಳು.

ಎಣಿಸುವುದನ್ನು ಮಾತ್ರ ತಾನೇ ಎಣಿಸಿದಳು.